ಗೊಬ್ಬೂರ ಟು ಕಠ್ಮಂಡು: ಹಕ್ಕಿ ನೋಡೋದೂ ಒಂದು ಹಕ್ಕು!

ಕಠ್ಮಂಡು ಅಂದರೆ ನಮ್ಮ ಓದುಗ ಮಿತ್ರರಿಗೆ ಹೊಸ ಹೆಸರೇನಲ್ಲ. 1971ರಲ್ಲಿ ದೇವಾನಂದ್ ‘ಹರೇ ರಾಮ ಹರೇ ಕೃಷ್ಣ’ ತೆಗೆದಾಗ ಆ ಊರಿನ ಬೀದಿ, ಗುಡಿ, ಗೋಪುರ ಎಲ್ಲ ನಮ್ಮ ಟಾಕೀಸುಗಳ ಪರದೆ ಮೇಲೆ ಬಂದು ಹೋದವು. 1978ರಲ್ಲಿ ದೊರೈ-ಭಗವಾನ್ ಜೋಡಿ ‘ಆಪರೇಷನ್ ಡೈಮಂಡ್ ರಾಕೆಟ್’ಗಾಗಿ ಅಣ್ಣಾವ್ರನ್ನು ನೇಪಾಳಕ್ಕೆ ಕರೆದುಕೊಂಡು ಹೋಯಿತು. ಸಿ.ಐ.ಡಿ. 999 ಹೋಗಿ ಬಂದ ಊರು ಅಂದಮೇಲೆ ಅದು ನಮಗೆ ಅರ್ಧ ನೆಂಟರ ಊರು ಇದ್ದಂಗೆ!

ಫೈಟಿಂಗ್ ಮಾಡೋಕೆ ನೇಪಾಳಕ್ಕೆ ಹೋಗಬಹುದು. ಡ್ಯುಯೆಟ್ ಹಾಡೋಕೆ ಹೋಗಬಹುದು. ಆದರೆ ಹಕ್ಕಿ ನೋಡೋಕೆ ಅಂತ ಯಾರಾದರೂ ಹೋಗ್ತಾರಾ? ಅದೂ ಕಲಬುರಗಿ ಜಿಲ್ಲೆಯ ಗೊಬ್ಬೂರಿನಿಂದ? ಅದೂ ಮೇ ತಿಂಗಳ ಬಿಸಿಲಲ್ಲಿ?

ಹೋಗ್ತಾರೆ ಸ್ವಾಮಿ. ಮೂರು ಜನ ಹೊರಟಿದ್ದೇವೆ. ಅವರಲ್ಲಿ ನಾನೂ ಒಬ್ಬ. ಇನ್ನೂ ಹೊರಟಿಲ್ಲ, ಹೊರಡೋ ತಯಾರಿಯಲ್ಲಿದ್ದೇವೆ. ಈ ಲೇಖನ ಆ ತಯಾರಿಯ ಕತೆ. ಓದಿ ನೋಡಿ, ನಿಮಗೂ ಒಂದು ದಾರಿ ಸಿಕ್ಕೀತು.

ಮೂವರು ದೋಸ್ತರು, ಒಂದು ದುರ್ಬೀನು

ಮೊದಲು ಊರಿನ ಪರಿಚಯ. ಗೊಬ್ಬೂರು ಅಂದ ಕೂಡಲೇ ಕೆಲವರು ದೇವದುರ್ಗದ ಹತ್ತಿರದ ಗಬ್ಬೂರು ಅಂದುಕೊಳ್ಳುತ್ತಾರೆ. ಅದು ರಾಯಚೂರು ಜಿಲ್ಲೆ, ಬೇರೆ ಊರು. ನಮ್ಮದು ಅಫಜಲಪುರ ತಾಲ್ಲೂಕಿನ ಗೊಬ್ಬೂರು. ಎರೆ ಮಣ್ಣಿನ ಸೀಮೆ. ತೊಗರಿ, ಜೋಳ, ಹತ್ತಿ. ದತ್ತನ ಗಾಣಗಾಪುರಕ್ಕೆ ಹೋಗೋ ಭಕ್ತರ ಗಾಡಿಗಳು ಈ ಕಡೆ ಓಡಾಡ್ತಾನೇ ಇರ್ತವೆ. ಅಷ್ಟು ಬಿಟ್ಟರೆ ನಮ್ಮ ಕಡೆ ಟೂರಿಸ್ಟು ಅಂತ ಯಾರೂ ಬರೋದಿಲ್ಲ.

ನಮ್ಮ ಮೂವರಲ್ಲಿ ಒಬ್ಬ ಟಂಟಂ ಓಡಿಸ್ತಾನೆ. ಇನ್ನೊಬ್ಬ ಕಲಬುರಗಿಯಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ನಾನು ಪಿಯುಸಿ ಅರ್ಧಕ್ಕೇ ಬಿಟ್ಟು ಪತ್ರಿಕೆಗಳಿಗೆ ಬರೆಯೋನು. ಮೂವರಿಗೂ ಸಿನಿಮಾ ಅಂದ್ರೆ ಪ್ರಾಣ. ಹಕ್ಕಿಯ ಹುಚ್ಚು ಹತ್ತಿದ್ದು ಟಂಟಂ ದೋಸ್ತನಿಂದ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಭೀಮಾ ದಂಡೆಯಲ್ಲಿ ಗಾಡಿ ನಿಲ್ಲಿಸಿ ಕೂತು ಕೂತು, ಎದುರಿಗೆ ಕಂಡ ಹಕ್ಕಿಗಳ ಹೆಸರು ಕೇಳಲಿಕ್ಕೆ ಶುರು ಮಾಡಿದ. ಹೆಸರು ಗೊತ್ತಾದ ಮೇಲೆ ಬಿಡಲಿಲ್ಲ. ಹಳೇ ದುರ್ಬೀನು ಒಂದು ಕೊಂಡ. ಅಲ್ಲಿಗೆ ನಮ್ಮ ಮೂವರ ಭಾನುವಾರದ ಮ್ಯಾಟಿನಿ ಷೋ ಹೋಗಿ, ಬೆಳಗಿನ ಆರು ಗಂಟೆಯ ಹಕ್ಕಿ ಷೋ ಬಂತು.

ನೇಪಾಳದ ಮಾತು ಮೊದಲು ಎತ್ತಿದ್ದೂ ಅವನೇ. ಅದಕ್ಕೆ ಮೊದಲು ಅಡ್ಡ ಬಂದವರು ಅವನಪ್ಪ.

“ದುಡಿಲಕ್ಕ ಹೋಗ್ತೀನಂದ್ರ ಹೋಗು ಅಂತೀನಿ. ಪುಣೆಕ್ ಹೋಗು, ಮುಂಬೈಕ್ ಹೋಗು. ಹಕ್ಕಿ ನೋಡ್ಲಕ್ಕ ದೇಶ ಬಿಟ್ಟು ದೇಶಕ್ ಹೋಗ್ತೀನಂದ್ರ ಮಂದಿ ಏನಂದಾರು? ನಮ್ ಹೊಲದಾಗ ಹಕ್ಕಿ ಇಲ್ಲೇನು?”

ಈ ಮಾತನ್ನು ತಳ್ಳಿ ಹಾಕೋ ಹಾಗಿಲ್ಲ. ನಮ್ಮ ಸೀಮೆಯ ಹುಡುಗರು ಊರು ಬಿಡೋದು ದುಡಿಯೋಕೆ. ಪುಣೆಯ ಕಟ್ಟಡ, ಮುಂಬೈ ಬಂದರು, ಬೆಂಗಳೂರಿನ ರಸ್ತೆ ಕೆಲಸ. ಇಲ್ಲವೇ ದೇವರಿಗೆ: ಪಂಢರಪುರ, ತುಳಜಾಪುರ, ಶ್ರೀಶೈಲ. ಸುಮ್ಮನೆ ನೋಡಿ ಬರೋಕೆ ಅಂತ ಹೋಗೋದು ದೊಡ್ಡೋರ ಮಕ್ಕಳ ಕೆಲಸ ಅಂತ ನಮ್ಮಲ್ಲಿ ನಂಬಿಕೆ. ಕಣ್ಣು ಎಲ್ಲರಿಗೂ ಎರಡೇ. ನೋಡೋ ಹಕ್ಕು ಮಾತ್ರ ಯಾಕೆ ಕೆಲವರಿಗೆ?

ಮಾತು ಇಲ್ಲಿಗೇ ನಿಲ್ಲಲಿಲ್ಲ. ಕಾಕಾ ಮುಂದೆ ಏನಂದರು ಅನ್ನೋದನ್ನ ಸ್ವಲ್ಪ ತಡೆದು ಹೇಳ್ತೀನಿ.

ಯಾಕೆ ನೇಪಾಳವೇ?

ಪರದೇಶ ಅಂದ ಕೂಡಲೇ ಪಾಸ್‌ಪೋರ್ಟು, ವೀಸಾ, ವಿಮಾನ ಅಂತ ಎದೆ ಹೊಡ್ಕೊಳ್ಳುತ್ತೆ. ನೇಪಾಳಕ್ಕೆ ಭಾರತದವರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ರೈಲು, ಬಸ್ಸಿನಲ್ಲೇ ಹೋಗಬಹುದು. ಭಾಷೆಯ ಭಯವೂ ಇಲ್ಲ. ಬೆಂಗಳೂರು, ಮೈಸೂರಿನವರು ಹಿಂದಿಗೆ ತಡವರಿಸಬಹುದು. ಕಲಬುರಗಿ ಹುಡುಗನಿಗೆ ಹಿಂದಿ, ಉರ್ದು ಕಿವಿಗೆ ಬಿದ್ದೇ ಬೆಳೆದದ್ದು. ನೇಪಾಳದ ಬಸ್ ಸ್ಟ್ಯಾಂಡಿನಲ್ಲಿ ಅದೇ ನಮ್ಮ ಬಂಡವಾಳ!

ಇನ್ನು ಹಕ್ಕಿಗಳು. ನೇಪಾಳ ನಮ್ಮ ಕರ್ನಾಟಕಕ್ಕಿಂತ ಚಿಕ್ಕ ದೇಶ. ಆದರೆ ಅಲ್ಲಿ ದಾಖಲಾದ ಹಕ್ಕಿ ಜಾತಿಗಳು 900ರ ಹತ್ತಿರ. ಕಾರಣ ಏನು ಗೊತ್ತೇ? ಎತ್ತರ. ದಕ್ಷಿಣದ ತರಾಯಿ ಬಯಲು ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸು. ಉತ್ತರಕ್ಕೆ ಹೋದರೆ 8,849 ಮೀಟರಿನ ಎವರೆಸ್ಟ್. ನಡುವೆ ಇನ್ನೂರು ಕಿಲೋಮೀಟರೂ ಇಲ್ಲ. ಬಿಸಿ ಕಾಡು, ಓಕ್ ಮರದ ಕಾಡು, ಹಿಮದ ಬೆಟ್ಟ – ಒಂದೇ ಚಿತ್ರದಲ್ಲಿ ಮೂರು ಸೆಟ್ ಹಾಕಿದಂಗೆ. ಪ್ರತಿ ಸೆಟ್ಟಿಗೂ ಬೇರೆ ಕಲಾವಿದರು.

ಈ ಹಕ್ಕಿಗಳನ್ನು ಮೊದಲು ವಿವರವಾಗಿ ದಾಖಲು ಮಾಡಿದವನು ಬ್ರಯನ್ ಹಾಡ್ಜ್‌ಸನ್ ಅನ್ನೋ ಇಂಗ್ಲಿಷರ ಅಧಿಕಾರಿ. ಕಠ್ಮಂಡುವಿನಲ್ಲಿ ಕಂಪನಿ ಸರ್ಕಾರದ ರೆಸಿಡೆಂಟ್ ಆಗಿದ್ದವನು, 1843ರಲ್ಲಿ ಆ ಹುದ್ದೆ ಬಿಟ್ಟ. ಅವನಿಗಾಗಿ ಚಿತ್ರ ಬರೆದವರು ನೇಪಾಳದ ಕಲಾವಿದರು. ಅವರಲ್ಲಿ ರಾಜಮಾನ್ ಸಿಂಗ್ ಹೆಸರುವಾಸಿ. ಸಿನಿಮಾ ಬ್ಯಾನರ್ ಬರೆಯೋ ನಮ್ಮ ಕಲಾವಿದರ ಹಾಗೆ ಇವರ ಹೆಸರೂ ಬಹಳ ದಿನ ಹಿಂದೆಯೇ ಉಳಿಯಿತು. ಪುಸ್ತಕದ ಮೇಲೆ ಸಾಹೇಬನ ಹೆಸರು!

ಬೇಸಿಗೆಯಲ್ಲೇ ಯಾಕೆ?

ಹಕ್ಕಿ ನೋಡೋರು ಸಾಮಾನ್ಯವಾಗಿ ಚಳಿಗಾಲ ಅಂತಾರೆ. ನಾವು ಮೇ ತಿಂಗಳು ಆರಿಸಿಕೊಂಡದ್ದಕ್ಕೆ ಮೊದಲ ಕಾರಣ ಹೊಟ್ಟೆಪಾಡು. ರಾಶಿ ಮುಗಿದು, ಮುಂಗಾರು ಬಿತ್ತನೆ ಶುರುವಾಗೋ ಮೊದಲು ಹೊಲದ ಕೆಲಸ ಕಡಿಮೆ. ಮನೆಯವರು ಬಿಡೋದು ಆಗಲೇ.

ಎರಡನೇ ಕಾರಣ ಹಕ್ಕಿಗಳದ್ದು. ಚಳಿಗಾಲದಲ್ಲಿ ನಮ್ಮಲ್ಲಿಗೆ ಬರೋ ಎಷ್ಟೋ ಹಕ್ಕಿಗಳು ನೆಂಟರು ಮಾತ್ರ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರೋ ಪಟ್ಟೆತಲೆ ಹೆಬ್ಬಾತುಗಳನ್ನೇ ನೋಡಿ. ಸಾವಿರಾರು ಬಾತುಗಳು ಚಳಿಗಾಲ ಅಲ್ಲಿ ಕಳೆಯುತ್ತವೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಮನ್ನಣೆಯೂ ಸಿಕ್ಕಿತು. ಬೇಸಿಗೆ ಬಂತೋ, ಹಿಮಾಲಯ ಹಾರಿ ಟಿಬೆಟ್, ಮಂಗೋಲಿಯಾ ಕಡೆ ತವರಿಗೆ ಹೊರಟವು. ವಿಜ್ಞಾನಿಗಳು ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ ಒಂದು ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಗೊತ್ತಾಯಿತು. ಆ ಎತ್ತರದಲ್ಲಿ ನಾವು ನೀವು ನಡೆಯೋಕೂ ಏದುಸಿರು ಬಿಡಬೇಕು!

ಅಷ್ಟು ದೂರ ನಮ್ಮ ಜೇಬು ಹಾರೋದಿಲ್ಲ. ಆದರೆ ನವರಂಗ ಇದೆಯಲ್ಲ? ರಾಜಾಜಿನಗರದ ನವರಂಗ್ ಟಾಕೀಸಲ್ಲ, ನವರಂಗ ಹಕ್ಕಿ. ಮೈಮೇಲೆ ಒಂಬತ್ತು ಬಣ್ಣ ಅಂತ ಹೆಸರು. ಚಳಿಗಾಲ ದಕ್ಷಿಣದ ಕಾಡುಗಳಲ್ಲಿ ಕಳೆದು ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುತ್ತೆ. ಹಿಮಾಲಯದ ಬುಡದ ಕಾಡುಗಳಲ್ಲೂ ಗೂಡು ಕಟ್ಟುತ್ತೆ. ನಮ್ಮಲ್ಲಿ ಮುಖ ಮುಚ್ಚಿಕೊಂಡು ಓಡಾಡೋ ಈ ಹೀರೋ ಅಲ್ಲಿ ಬಾಯಿ ಬಿಟ್ಟು ಕೂಗುತ್ತಾನೆ. ಮೇ ತಿಂಗಳು ಹಕ್ಕಿಗಳ ಹಾಡಿನ ಕಾಲ. ಹಾಡು ಕೇಳಿದರೆ ಹಕ್ಕಿ ಹುಡುಕೋದು ಸುಲಭ.

ಆದರೆ ಬೇಸಿಗೆಗೆ ಬೆಲೆಯೂ ಉಂಟು. ಪೂರ್ವ ನೇಪಾಳದ ಕೋಶಿ ಟಪ್ಪು ನೀರುಹಕ್ಕಿಗಳಿಗೆ ಹೆಸರಾದ ಜಾಗ, 1987ರಲ್ಲಿ ಆ ದೇಶದ ಮೊದಲ ರಾಮ್ಸಾರ್ ತಾಣ. ಅಲ್ಲಿನ ಜಾತ್ರೆ ಚಳಿಗಾಲದಲ್ಲಿ. ಮೇ ಹೊತ್ತಿಗೆ ನೆಂಟರು ಹೊರಟು ಹೋಗಿರ್ತಾರೆ. ಆದ್ದರಿಂದ ಕೋಶಿಯನ್ನು ಲಿಸ್ಟಿನಿಂದ ಹೊಡೆದು ಹಾಕಿದೆವು. ನೇಪಾಳದ ರಾಷ್ಟ್ರಪಕ್ಷಿ ದಾಂಫೆಯನ್ನೂ ಹೊಡೆದು ಹಾಕಿದೆವು. ಮೈತುಂಬ ಮಿರಮಿರ ಹೊಳೆಯೋ ಆ ಸೂಪರ್‌ಸ್ಟಾರನ್ನು ಬೇಸಿಗೆಯಲ್ಲಿ ನೋಡಬೇಕಾದರೆ ಮೂರು ಸಾವಿರ ಮೀಟರಿಗೂ ಮೇಲೆ ದಿನಗಟ್ಟಲೆ ಹತ್ತಬೇಕು. ಹತ್ತೋ ಬೂಟಿಗೂ ನಮ್ಮಲ್ಲಿ ದುಡ್ಡಿಲ್ಲ. ಜೂನ್ ಮಧ್ಯಕ್ಕೆ ಮಳೆ, ಮಳೆಯ ಹಿಂದೆ ಜಿಗಣೆ. ಅಷ್ಟರೊಳಗೆ ವಾಪಸ್ ಬರಬೇಕು.

‘ಶೋಲೆ’ಯ ಬೆಟ್ಟ ಮತ್ತು ಕಾಕಾ ಹೇಳಿದ ಕತೆ

ಈಗ ಕಾಕಾನ ಮಾತಿಗೆ ಬರೋಣ. ‘ಶೋಲೆ’ ನೋಡದವರು ಯಾರಿದ್ದೀರಿ? 1975ರಲ್ಲಿ ಬಂದ ಆ ಚಿತ್ರದ ಗಬ್ಬರ್ ಸಿಂಗನ ಬೆಟ್ಟ ನಮ್ಮ ರಾಮನಗರದ್ದು. ಆ ಸೀಮೆಯ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಿಸಿದರು. ದೇಶದಲ್ಲೇ ಮೊದಲನೆಯದು. ಬಂಡೆ ಸಂದಿಯಲ್ಲಿ ಗೂಡು ಕಟ್ಟೋ ಉದ್ದಕೊಕ್ಕಿನ ರಣಹದ್ದುಗಳು ಅಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ.

ಈ ಸುದ್ದಿಯನ್ನು ನಾವು ದೋಸ್ತನ ಮನೆಯ ಕಟ್ಟೆ ಮೇಲೆ ಕೂತು ಮಾತಾಡ್ತಾ ಇದ್ದಾಗ ಕಾಕಾ ಬೀಡಿ ಕೆಳಗಿಟ್ಟರು.

“ಹದ್ದೇನು? ನಾ ಸಣ್ಣಾಂವ ಇದ್ದಾಗ ಎತ್ತು ಸತ್ರ ಊರ ಹೊರಗ ಹಾಕ್ತಿದ್ರು. ತಾಸೊಪ್ಪತ್ತಿನಾಗ ಮುಗಿಲಿನಿಂದ ಇಳೀತಿದ್ವು ನೋಡು, ಒಂದಲ್ಲ ಎರಡಲ್ಲ. ಸಂಜಿಗಿ ಬರೇ ಎಲುವು. ಈಗ ನಾಯಿ ಅಷ್ಟೇ ಬರ್ತಾವ.”

“ಯಾವಾಗ ಹೋದ್ವು ಕಾಕಾ?”

ಕಾಕಾ ಬಹಳ ಹೊತ್ತು ಯೋಚನೆ ಮಾಡಿದರು. “ಗೊತ್ತಾಗಲಿಲ್ಲಪ್ಪ. ಯಾರ್ ನೋಡ್ಯಾರ?”

ಯಾರೂ ನೋಡಲಿಲ್ಲ. ಇದೇ ಕತೆ ಇಡೀ ದೇಶದ್ದು. 1990ರ ದಶಕದಲ್ಲಿ ಭಾರತ, ನೇಪಾಳ, ಪಾಕಿಸ್ತಾನದಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತು ಹೋದವು. ರೋಗ ಅಂದರು, ಹಸಿವು ಅಂದರು. ಕಡೆಗೆ 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ನಿಜ ಬಯಲಾಯಿತು. ಖಳನಾಯಕ ಡೈಕ್ಲೋಫೆನಾಕ್ – ದನಕ್ಕೆ ನೋವು, ಜ್ವರ ಬಂದಾಗ ಕೊಡ್ತಿದ್ದ ಔಷಧಿ. ಚುಚ್ಚಿಸಿಕೊಂಡ ದನ ಸತ್ತರೆ ಮಾಂಸದಲ್ಲಿ ಔಷಧಿ ಉಳಿಯುತ್ತೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾವು. 2006ರಲ್ಲಿ ದನಗಳಿಗೆ ಈ ಔಷಧಿ ಕೊಡೋದನ್ನು ಮೂರೂ ದೇಶಗಳು ನಿಷೇಧಿಸಿದವು. ಅದರ ಬದಲು ಮೆಲಾಕ್ಸಿಕಾಮ್ ಕೊಟ್ಟರೆ ಹದ್ದಿಗೆ ತೊಂದರೆ ಇಲ್ಲ. 2023ರಲ್ಲಿ ಭಾರತ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಎಂಬ ಇನ್ನೆರಡನ್ನೂ ಜಾನುವಾರುಗಳಿಗೆ ಕೊಡದಂತೆ ನಿಷೇಧಿಸಿತು.

ಇಲ್ಲೇ ನೇಪಾಳದ ಮುಖ್ಯ ದೃಶ್ಯ ಬರೋದು. ಚಿತ್ವನ್ ಕಾಡಿನ ಅಂಚಿಗೆ, ನವಲಪರಾಸಿ ಸೀಮೆಯಲ್ಲಿ ಪಿಥೌಲಿ ಅಂತ ಒಂದು ಹಳ್ಳಿ. ಅಲ್ಲಿನ ಜನ 2006ರಿಂದ ರಣಹದ್ದುಗಳಿಗೇ ಒಂದು ಹೋಟೆಲ್ ನಡೆಸ್ತಾರೆ! ಹೆಸರು ‘ಜಟಾಯು ರೆಸ್ಟೋರೆಂಟ್’. ಮುದಿಯಾದ, ದುಡಿಮೆಗೆ ಬಾರದ ದನಗಳನ್ನು ತಂದು ಸಾಕುತ್ತಾರೆ. ವಿಷದ ಔಷಧಿ ಕೊಡೋದಿಲ್ಲ. ತಾನಾಗಿ ಸತ್ತ ಮೇಲೆ ಬಯಲಿಗೆ ಹಾಕುತ್ತಾರೆ. ಹದ್ದುಗಳು ಇಳಿಯುತ್ತವೆ. ದೂರದ ಮರೆಯಲ್ಲಿ ಕೂತು ಪ್ರವಾಸಿಗರು ನೋಡಬಹುದು. ನಡೆಸೋರು ಯಾವ ಸಾಹುಕಾರರೂ ಅಲ್ಲ, ನಮ್ಮ ಥರದ ರೈತರು.

ಇದನ್ನು ಹೇಳಿದಾಗ ಕಾಕಾ ಮತ್ತೆ ಬೀಡಿ ಹಚ್ಚಿದರು. “ಹಂಗಂದ್ರ ಹೋಗು. ಹದ್ದು ಇಳಿಯೂದು ಮೊಬೈಲಿನಾಗ ಹಿಡಕೊಂಡ್ ಬಾ. ಅವರು ಹ್ಯಾಂಗ್ ಮಾಡ್ಯಾರ ಅದನ್ನೂ ಕೇಳ್ಕೊಂಡ್ ಬಾ” ಅಂದರು.

ನಮಗೆ ಸಿಕ್ಕ ವೀಸಾ ಅದೇ!

ದಾರಿ ಹೀಗೆ

ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿ. ಹೆಚ್ಚು ಕಡಿಮೆ ಮೂವತ್ತು ತಾಸು. ದಿಲ್ಲಿಯಿಂದ ರಾತ್ರಿ ರೈಲಿಗೆ ಗೋರಖ್‌ಪುರ. ಅಲ್ಲಿಂದ ಬಸ್ಸಿನಲ್ಲಿ ನೂರು ಕಿಲೋಮೀಟರಿನ ಒಳಗೇ ಸುನೌಲಿ ಗಡಿ. ನಡೆದುಕೊಂಡೇ ಗೇಟು ದಾಟಿದರೆ ಬೇರೆ ದೇಶ! ದಾಟಿದ ಕೂಡಲೇ ಗಡಿಯಾರ ಹದಿನೈದು ನಿಮಿಷ ಮುಂದಿಡಬೇಕು. ನೇಪಾಳದ ಟೈಮು ನಮಗಿಂತ ಅಷ್ಟು ಮುಂದೆ.

ಮೊದಲ ನಿಲ್ದಾಣ ಲುಂಬಿನಿ, ಎರಡು ದಿನ. ಬುದ್ಧ ಹುಟ್ಟಿದ ಜಾಗ. ಶಾಲೆಯಲ್ಲಿ ಓದಿದ ಹಂಸದ ಕತೆ ನೆನಪಿದೆಯೇ? ದೇವದತ್ತ ಬಾಣ ಬಿಟ್ಟ, ಸಿದ್ಧಾರ್ಥ ಎತ್ತಿಕೊಂಡು ಬದುಕಿಸಿದ, ಕೊಂದವನಿಗಿಂತ ಕಾಯ್ದವನಿಗೇ ಹಕ್ಕಿ ಸೇರಿತು. ಆ ಕತೆಯ ಕಪಿಲವಸ್ತು ಇದೇ ಸೀಮೆ. ಅಲ್ಲಿನ ಗದ್ದೆಗಳಲ್ಲಿ ಇವತ್ತಿಗೂ ಸಾರಸ ಕೊಕ್ಕರೆಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ. ಆಳೆತ್ತರದ ಹಕ್ಕಿ, ಹಾರಬಲ್ಲ ಹಕ್ಕಿಗಳಲ್ಲೇ ಅತಿ ಎತ್ತರದ್ದು. ಹೀರೋ-ಹೀರೋಯಿನ್ ಸಾಧಾರಣವಾಗಿ ಬಿಟ್ಟು ಇರೋದಿಲ್ಲ.

ಲುಂಬಿನಿಯಲ್ಲಿ ಅಶೋಕ ನೆಟ್ಟ ಕಂಬವೂ ಇದೆ. ಇಲ್ಲಿ ನಮ್ಮ ಜಿಲ್ಲೆಯವರು ಎದೆಯುಬ್ಬಿಸಬೇಕು. ಅದೇ ಅಶೋಕನ ಶಾಸನ 1986ರಲ್ಲಿ ನಮ್ಮ ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪವೇ ಇದೆ. ಆ ದೊರೆ ತನ್ನ ಸ್ತಂಭಶಾಸನವೊಂದರಲ್ಲಿ ಗಿಳಿ, ಗೊರವಂಕ, ಚಕ್ರವಾಕ, ಹಂಸ ಮುಂತಾದವನ್ನು ಕೊಲ್ಲಬಾರದು ಅಂತ ಪಟ್ಟಿ ಮಾಡಿ ಬರೆಸಿದ್ದ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆಯೇ ಹಕ್ಕಿಗಳ ಲಿಸ್ಟು! ಗೊಬ್ಬೂರಿನಿಂದ ಲುಂಬಿನಿಗೆ ಹೋಗೋರಿಗೆ ಆ ದೇಶ ಪೂರಾ ಅಪರಿಚಿತ ಅಲ್ಲ ಅಂದ ಹಾಗಾಯಿತು.

ಎರಡನೆಯದು ಪಿಥೌಲಿ, ಒಂದು ದಿನ. ಹದ್ದು ಯಾವತ್ತು ಇಳಿಯುತ್ತೆ ಅನ್ನೋದು ದನ ಯಾವತ್ತು ಸಾಯುತ್ತೆ ಅನ್ನೋದರ ಮೇಲೆ. ಟಿಕೆಟ್ ತಗೊಂಡರೂ ಷೋ ಗ್ಯಾರಂಟಿ ಇಲ್ಲ. ಅದಕ್ಕೇ ಇನ್ನೊಂದು ದಿನ ಕೈಯಲ್ಲಿ ಇಟ್ಟುಕೊಂಡಿದ್ದೇವೆ.

ಮೂರನೆಯದು ಚಿತ್ವನ್, ಮೂರು ದಿನ. 1973ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1984ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಐನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು. ರಾಪ್ತಿ ನದಿ ದಂಡೆಯ ಸೌರಾಹಾ ಅನ್ನೋ ಹಳ್ಳಿಯಲ್ಲಿ ವಸತಿ. ನಮ್ಮ ನವರಂಗ, ಬಾಲ ಬೀಸೋ ರಾಜಹಕ್ಕಿ, ದಾಂಡೇಲಿಯಲ್ಲಿ ಕಾಣೋ ಅದೇ ದೊಡ್ಡ ಮಂಗಟ್ಟೆ – ಮೂರೂ ಅಲ್ಲಿವೆ. ಒಂದೇ ಮಾತು: ಗೈಡ್ ಇಲ್ಲದೆ ಕಾಡೊಳಗೆ ಕಾಲ್ನಡಿಗೆಗೆ ಬಿಡೋದಿಲ್ಲ. ಒಂಟಿಕೊಂಬಿನ ಖಡ್ಗಮೃಗ ಮತ್ತು ಹುಲಿ ಇರೋ ಜಾಗ. ಅಲ್ಲಿ ಹೀರೋಗಿರಿ ಬೇಡ. ನಾವು ಭಾರತದವರು ಸಾರ್ಕ್ ದೇಶದವರು ಅಂತ ಪ್ರವೇಶ ಶುಲ್ಕ ಬೇರೆ ವಿದೇಶಿಯರಿಗಿಂತ ಕಡಿಮೆ. ಗುರುತಿನ ಚೀಟಿ ತೋರಿಸಬೇಕು.

ಕಡೆಯದು ಕಠ್ಮಂಡು, ಮೂರು ದಿನ. ದೇವಾನಂದ್ ತೋರಿಸಿದ ಬೀದಿಗಳನ್ನು ಸಂಜೆಗೆ ಇಟ್ಟುಕೊಂಡಿದ್ದೇವೆ. ಬೆಳಗ್ಗೆ ಮಾತ್ರ ಫುಲ್ಚೋಕಿ. ಊರಿನಿಂದ ಆಚೆ ಗೋದಾವರಿ ಅನ್ನೋ ಹಳ್ಳಿ (ಹೆಸರು ನೋಡಿ, ನಮ್ಮ ನದಿಯದೇ!), ಅದರ ತಲೆ ಮೇಲೆ 2,700 ಮೀಟರಿಗೂ ಎತ್ತರದ ಬೆಟ್ಟ. ಅಲ್ಲಿ ನಾವು ಹುಡುಕೋದು ಒಬ್ಬ ಸಣ್ಣ ಕಲಾವಿದನನ್ನು. ನಮ್ಮ ಹೊಲದ ಬದುವಿನಲ್ಲಿ ಏಳೆಂಟು ಒಟ್ಟಾಗಿ ಗಲಾಟೆ ಮಾಡೋ ಹರಟೆಮಲ್ಲ ಗೊತ್ತಲ್ಲ? ಅದರ ನೆಂಟ, ಮುಳ್ಳು ಹರಟೆಮಲ್ಲ. ನೇಪಾಳಿಯಲ್ಲಿ ‘ಕಾಂಡೆ ಭ್ಯಾಕುರ್’. ಲೋಕದಲ್ಲಿ ನೇಪಾಳ ಬಿಟ್ಟು ಬೇರೆಲ್ಲೂ ನೆಲೆಯಿಲ್ಲದ ಹಕ್ಕಿ. ಅಳಿದೇ ಹೋಯಿತು ಅಂದುಕೊಂಡಿದ್ದರು. 1948ರಲ್ಲಿ ಡಿಲ್ಲನ್ ರಿಪ್ಲಿ ಅನ್ನೋ ಅಮೆರಿಕದ ವಿಜ್ಞಾನಿ ಮತ್ತೆ ಕಂಡುಹಿಡಿದರು. ಮುಂದೆ ನಮ್ಮ ಸಲೀಂ ಅಲಿಯವರ ಜೊತೆ ಸೇರಿ ಭಾರತದ ಹಕ್ಕಿಗಳ ಹತ್ತು ಸಂಪುಟ ಬರೆದವರು ಇವರೇ. ಉಳಿದ ಕಾಲದಲ್ಲಿ ಪೊದೆ ಬಿಟ್ಟು ಬಾರದ ಈ ನಾಚಿಕೆ ಸ್ವಭಾವದ ಹಕ್ಕಿ ಬೇಸಿಗೆಯಲ್ಲಿ ಮಾತ್ರ ಪೊದೆಯ ತುದಿಗೆ ಬಂದು ಹಾಡುತ್ತೆ. ಸೂಪರ್‌ಸ್ಟಾರ್ ದಾಂಫೆ ನಮ್ಮ ಕೈಗೆ ಸಿಗದಿದ್ದರೆ ಬೇಡ, ಈ ಜೂನಿಯರ್ ಆರ್ಟಿಸ್ಟ್ ಸಾಕು ಅಂತ ಮೂವರೂ ಒಪ್ಪಿದ್ದೇವೆ.

ಬೆಟ್ಟದಲ್ಲಿ ಇನ್ನೊಂದು ಕೂಗು ಕೇಳುತ್ತಂತೆ. ನಾಲ್ಕು ಸ್ವರದ ಕೋಗಿಲೆ ಜಾತಿಯ ಹಕ್ಕಿ. ಅದು ‘ಕಾಫಲ್ ಪಾಕ್ಯೋ’, ಅಂದರೆ ಕಾಫಲ್ ಹಣ್ಣಾಯಿತು ಅಂತ ಹೇಳುತ್ತೆ ಅನ್ನೋದು ಅಲ್ಲಿನವರ ಮಾತು. ಕಾಫಲ್ ಅವರ ಬೆಟ್ಟದ ಕೆಂಪು ಹಣ್ಣು. ನಮ್ಮ ಕೋಗಿಲೆಗೆ ಮಾವು, ಅವರ ಕೋಗಿಲೆಗೆ ಕಾಫಲ್!

ಜೇಬು, ಕಾಗದ, ಸಾಮಾನು

ತಲಾ 18 ಸಾವಿರ ರೂಪಾಯಿ ಅಂತ ಮಿತಿ ಹಾಕಿಕೊಂಡಿದ್ದೇವೆ. ಹೋಗಿ ಬರೋದು ಸೇರಿ ಹದಿನಾರು ದಿನ. ಸ್ಲೀಪರ್ ಡಬ್ಬಿ, ಮೂವರಿಗೆ ಒಂದೇ ರೂಮು, ಊಟಕ್ಕೆ ಅಲ್ಲಿನ ದಾಲ್-ಭಾತ್. ತೊಗರಿ ಸೀಮೆಯವರಿಗೆ ಬೇಳೆ-ಅನ್ನ ಕಷ್ಟವೇ? ಗೈಡ್ ದುಡ್ಡು ಮಾತ್ರ ಉಳಿಸೋ ಹಾಗಿಲ್ಲ. ಅಪರಿಚಿತ ಕಾಡಿನಲ್ಲಿ ಆ ಊರಿನವನ ಕಣ್ಣೇ ನಮ್ಮ ಕಣ್ಣು.

ನೀವೂ ಹೊರಡೋದಾದರೆ ಕೆಲವು ಮಾತು ಕಿವಿಗೆ ಹಾಕಿಕೊಳ್ಳಿ.

ಆಧಾರ್ ಕಾರ್ಡ್ ಒಂದನ್ನೇ ನಂಬಿ ಹೋಗಬೇಡಿ. ನಮ್ಮ ವಯಸ್ಸಿನವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು.

ನಮ್ಮ 1 ರೂಪಾಯಿಗೆ ನೇಪಾಳದ 1 ರೂಪಾಯಿ 60 ಪೈಸೆ. ಈ ಲೆಕ್ಕ 1993ರಿಂದ ಬದಲಾಗಿಲ್ಲ. ಬೆಲೆ ಹೇಳಿದಾಗ ‘ನೇಪಾಳಿಯೋ ಇಂಡಿಯನ್ನೋ’ ಅಂತ ಕೇಳಿ. ನಮ್ಮ 100ರ ನೋಟು ಗಡಿ ಕಡೆ ನಡೆಯುತ್ತೆ. ದೊಡ್ಡ ನೋಟುಗಳ ನಿಯಮ ಆಗಾಗ ಬದಲಾಗಿದೆ, ಹೊರಡೋ ವಾರ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ರೈಲಿನ ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ. ಮೇ ತಿಂಗಳ ಉತ್ತರದ ರೈಲು ಹೊಸ ಚಿತ್ರದ ಮೊದಲ ದಿನದ ಟಿಕೆಟ್ ಇದ್ದಂಗೆ. ತೆರೆದ ದಿನವೇ ಕ್ಯೂ ಹಚ್ಚಬೇಕು.

ಅಲ್ಲಿನ ಸುದ್ದಿ ಓದುತ್ತಿರಿ. 2025ರ ಸೆಪ್ಟೆಂಬರಿನಲ್ಲಿ ಕಠ್ಮಂಡುವಿನ ಹುಡುಗರು ಬೀದಿಗಿಳಿದು ಸರ್ಕಾರವನ್ನೇ ಇಳಿಸಿದ್ದರು. ಪ್ರವಾಸಿಗರು ಅಂಥ ದಿನಗಳಲ್ಲಿ ಸಿಕ್ಕಿಕೊಳ್ಳಬಾರದು.

ದುರ್ಬೀನು ಕೊಳ್ಳೋದಾದರೆ 8x42 ಅಂತ ಬರೆದದ್ದು ನೋಡಿ. ಎಂಟು ಪಟ್ಟು ಹತ್ತಿರ ಕಾಣುತ್ತೆ, 42 ಮಿಲಿಮೀಟರಿನ ಗಾಜು ಮಬ್ಬು ಬೆಳಕಿನಲ್ಲೂ ಕೆಲಸ ಮಾಡುತ್ತೆ. ಇನ್ನೂ ದೊಡ್ಡದು ಕೊಂಡರೆ ಕೈ ನಡುಗಿ ಚಿತ್ರವೂ ನಡುಗುತ್ತೆ. ಬಟ್ಟೆ ಮಣ್ಣು, ಎಲೆ ಬಣ್ಣದ್ದು. ಕೆಂಪು ಹಳದಿ ಅಂಗಿ ಹಾಡಿನ ಸೀನಿಗೆ ಇರಲಿ.

ರಿಹರ್ಸಲ್ ಇಲ್ಲೇ

“ನಮ್ ಹೊಲದಾಗ ಹಕ್ಕಿ ಇಲ್ಲೇನು?” ಅಂತ ಕಾಕಾ ಕೇಳಿದ್ದರಲ್ಲ? ಅದಕ್ಕೂ ಉತ್ತರ ಬೇಕಿತ್ತು. ಹೊರಗಿನ ದೇಶದ ಹಕ್ಕಿ ಗುರುತಿಸಬೇಕಾದರೆ ಊರಿನ ಹಕ್ಕಿ ಕಣ್ಣು ಮುಚ್ಚಿ ಗೊತ್ತಿರಬೇಕು. ನಮ್ಮ ಹರಟೆಮಲ್ಲನೇ ಗೊತ್ತಿಲ್ಲದವನಿಗೆ ಮುಳ್ಳು ಹರಟೆಮಲ್ಲ ಕಂಡರೆ ತಾನೇ ಏನು, ಬಿಟ್ಟರೆ ತಾನೇ ಏನು?

ಆದ್ದರಿಂದ ಮೂರು ತಿಂಗಳಿಂದ ಪ್ರತಿ ಭಾನುವಾರ ರಿಹರ್ಸಲ್. ಭೀಮಾ-ಅಮರ್ಜಾ ಕೂಡೋ ಗಾಣಗಾಪುರದ ಸಂಗಮ, ಆಳಂದದ ಕಡೆಯ ಅಮರ್ಜಾ ಡ್ಯಾಮು, ಸೊನ್ನ ಬ್ಯಾರೇಜು, ಜೇವರ್ಗಿ ಕಡೆಯ ಭೀಮಾ ದಂಡೆ. ಒಂದು ನೋಟ್‌ಬುಕ್. ತಾರೀಖು, ಟೈಮು, ಜಾಗ, ಹಕ್ಕಿ, ಎಷ್ಟು, ಏನು ಮಾಡ್ತಿತ್ತು. ಟಿಟ್ಟಿಭ, ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆ, ಕಾಜಾಣ, ಚಂದ್ರಮುಕುಟ, ಗೀಜಗ, ಕೌಜುಗ, ನಮ್ಮ ರಾಜ್ಯಪಕ್ಷಿ ನೀಲಕಂಠ... ಈವರೆಗೆ 71 ಆಗಿವೆ. ಮೊಬೈಲ್ ಅಂಗಡಿಯ ದೋಸ್ತ ‘ಮರ್ಲಿನ್’ ಅನ್ನೋ ಆ್ಯಪ್ ಹಾಕಿಕೊಟ್ಟಿದ್ದಾನೆ. ದುಡ್ಡು ಬೇಡ. ಕೂಗು ಕೇಳಿಸಿದರೆ ಯಾವ ಹಕ್ಕಿ ಇರಬಹುದು ಅಂತ ಹೇಳುತ್ತೆ. ಆದರೆ ಕಣ್ಣಿಗೆ ಕಾಣೋವರೆಗೂ ನೋಟ್‌ಬುಕ್ಕಿಗೆ ಬರೆಯೋದಿಲ್ಲ ಅಂತ ನಮ್ಮ ಕಾನೂನು.

ಓದೋಕೆ ಕನ್ನಡದಲ್ಲೇ ಇದೆ ತೇಜಸ್ವಿಯವರ ‘ಹಕ್ಕಿಪುಕ್ಕ’. ‘ತಬರನ ಕಥೆ’ ಸಿನಿಮಾ ನೋಡಿ ಅತ್ತವರೇ, ಆ ಕತೆ ಬರೆದವರೇ ಕ್ಯಾಮೆರಾ ಹಿಡಿದು ಮೂಡಿಗೆರೆ ಕಾಡಿನಲ್ಲಿ ಹಕ್ಕಿಗಳ ಹಿಂದೆ ಅಲೆದವರು ಅಂತ ನೆನಪಿಡಿ. ಸಲೀಂ ಅಲಿಯವರೂ 1930ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. ಆಗ ನಮ್ಮ ಗುಲ್ಬರ್ಗಾ ಜಿಲ್ಲೆ ನಿಜಾಮರ ಆ ಸಂಸ್ಥಾನದಲ್ಲೇ ಇತ್ತು.

ಒಂದು ಮಾತು ಹೇಳಿ ಮುಗಿಸ್ತೀನಿ. ಆ ನೋಟ್‌ಬುಕ್ಕನ್ನು ನೇಪಾಳದಿಂದ ಬಂದ ಮೇಲೂ ನಿಲ್ಲಿಸೋದಿಲ್ಲ ಅಂತ ಮೂವರೂ ಮಾತು ಕೊಟ್ಟುಕೊಂಡಿದ್ದೇವೆ. ಕಾಕಾನ ಕಾಲದಲ್ಲಿ ಹದ್ದು ಹೋದ ದಿನ ಯಾರೂ ಬರೆದಿಡಲಿಲ್ಲ. ಊರಿನಲ್ಲಿ ಇಷ್ಟು ಜನ ಇದ್ದೂ ಗೊತ್ತಾಗಲಿಲ್ಲ. ನಾಳೆ ನೀಲಕಂಠ ಕಡಿಮೆಯಾದರೆ, ಕೌಜುಗ ಕೂಗದಿದ್ದರೆ, ಇಂಥ ವರ್ಷ, ಇಂಥ ತಿಂಗಳು ಅಂತ ಹೇಳೋಕೆ ಗೊಬ್ಬೂರಿನಲ್ಲಿ ಒಂದು ಪುಸ್ತಕ ಇರುತ್ತೆ. ಪಿಥೌಲಿಯ ರೈತರಿಂದ ಕೇಳಿ ತಂದದ್ದನ್ನು ದನದ ಡಾಕ್ಟರಿಗೂ ಔಷಧಿ ಅಂಗಡಿಯವರಿಗೂ ಹೇಳೋ ಕೆಲಸವೂ ಇದೆ.

ನೀವು ನೇಪಾಳಕ್ಕೇ ಹೋಗಬೇಕು ಅಂತ ಇಲ್ಲ ಗೆಳೆಯರೇ. ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ಬಸ್ಸಿಗೆ ಕಾಯ್ತಾ ಇದ್ದೀರಲ್ಲ? ಒಂದು ನಿಮಿಷ ತಲೆ ಎತ್ತಿ, ಎದುರಿನ ಕರೆಂಟಿನ ತಂತಿ ಮೇಲೆ ಯಾರು ಕೂತಿದ್ದಾರೆ ನೋಡಿ. ಬಾಲ ಕವಲಾಗಿ, ಮೈ ಕರ್ರಗೆ ಇದ್ದರೆ ಅದು ಕಾಜಾಣ. ನಿಮ್ಮ ಲಿಸ್ಟಿನಲ್ಲಿ ನಂಬರ್ ಒಂದು. ಬರಕೊಳ್ಳಿ.